ಮೇಡಂ ಒಪ್ಪಿದ ಮೇಲೆ

ಆಸ್ಪತ್ರೆಯ ರಕ್ತಪರೀಕ್ಷೆ ವಿಭಾಗದಲ್ಲಿ ಅವರಿಗೆ ಕಪ್ಪು ಪರದೆ ಮೇಡಂ ಎಂದೇ ಹೆಸರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಕರೆಯುವಷ್ಟು ಗುಂಡಿಗೆ ಯಾರಿಗೂ ಇರಲಿಲ್ಲ. ಆದರೆ ವಿಷಯ ಅವರಿಗೆ ಗೊತ್ತಿತ್ತು, ಗೊತ್ತಿದ್ದು ಒಳಗೊಳಗೇ ಖುಷಿಪಡುತ್ತಿದ್ದರು. ಬೇರೆಯವರ ಕಂಪ್ಯೂಟರ್ ತೆರೆದರೆ ಬಣ್ಣಬಣ್ಣದ ಚಿತ್ರಗಳು, ಗುಂಡಿಗಳು. ಮೇಡಂ ಮುಂದಿನ ಪರದೆಯಲ್ಲಿ ಮಾತ್ರ ಬರೀ ಕಪ್ಪು, ಅದರ ಮೇಲೆ ಬಿಳಿ ಅಕ್ಷರ, ಮಿಣುಕುವ ಒಂದು ಚೌಕ. ಆ ಚೌಕದ ಮುಂದೆ ಅವರು ಏನೋ ನಾಲ್ಕು ಅಕ್ಷರ ಕುಟ್ಟುತ್ತಿದ್ದರು, ಆಚೆ ಕೌಂಟರಿನಲ್ಲಿ ಸತ್ತಂತೆ ಬಿದ್ದಿದ್ದ ಪ್ರಿಂಟರ್ ಎದ್ದು ಕೂತು ವರದಿಗಳನ್ನು ಉಗುಳುತ್ತಿತ್ತು. ನೋಡಿದವರಿಗೆ ಮಾಟ ಮಾಡಿದ ಹಾಗೆ ಕಾಣಲಿ ಎಂಬ ಆಸೆ ಅವರಿಗೂ ಇತ್ತು.

ಸೇರಿದ್ದು ಟೈಪಿಸ್ಟ್ ಆಗಿ. ವಿಭಾಗದ ಕಂಪ್ಯೂಟರುಗಳನ್ನೆಲ್ಲ ನಡೆಸುವ ಮೊದಲ ಸರ್ವರ್ ಬಂದಾಗ ಅದನ್ನು ಹಾಕಲು ಬಂದವನು ಎರಡು ಗಂಟೆ ಗಡಿಬಿಡಿಯಲ್ಲಿ ಏನೇನೋ ತೋರಿಸಿ, ಇಟ್ಟಿಗೆಯಷ್ಟು ದಪ್ಪದ ಒಂದು ಪುಸ್ತಕ ಮೇಜಿನ ಮೇಲಿಟ್ಟು ನಾಪತ್ತೆಯಾದ. ಅದರೊಳಗೆ ಓಡುವ ಲಿನಕ್ಸ್ ಎಂಬ ತಂತ್ರಾಂಶದ ಹೆಸರನ್ನೇ ಅಲ್ಲಿ ಯಾರೂ ಕೇಳಿರಲಿಲ್ಲ. ಮೇಡಂ ಆ ಪುಸ್ತಕವನ್ನು ಮನೆಗೆ ಒಯ್ದರು. ಕುಕ್ಕರ್ ಕೂಗುವ ನಡುವೆ, ಮಗಳ ಹೋಂವರ್ಕ್ ನಡುವೆ, ಬಸ್ಸಿಗೆ ಕಾಯುವ ನಡುವೆ ಓದಿದರು. ‘ಇವಳು ನನಗಿಂತ ಆ ಪುಸ್ತಕದ ಜೊತೆಗೇ ಹೆಚ್ಚು ಸಂಸಾರ ಮಾಡಿದ್ದಾಳೆ’ ಎಂದು ಗಂಡ ಬಂದವರ ಮುಂದೆಲ್ಲ ಹೇಳುತ್ತಿದ್ದರು. ಒಂದು ವರ್ಷದಲ್ಲಿ ಪುಸ್ತಕದ ಬೆನ್ನು ಕಿತ್ತುಬಂತು, ಮೇಡಂಗೆ ಹುದ್ದೆ ಬದಲಾಯಿತು, ಕೂರಲು ಸ್ವಂತ ಕೋಣೆ ಸಿಕ್ಕಿತು. ಹಿಂದೆ ಎಕ್ಸ್‌ರೇ ಫಿಲ್ಮ್ ತೊಳೆಯುತ್ತಿದ್ದ ಕತ್ತಲೆ ಕೋಣೆ ಅದು. ಕಿಟಕಿ ಇಲ್ಲ, ಒಂದರ ಹಿಂದೆ ಒಂದು ಎರಡು ಬಾಗಿಲು. ಸರ್ವರಿಗೆ ತಂಪು, ಮೇಡಂಗೆ ನೆಮ್ಮದಿ.

ಕೆಲಸ ನಿಜವಾಗಿ ಏನು ಎಂದು ಕೇಳಿದರೆ, ಬಹುಪಾಲು ಚಿಲ್ಲರೆ ಕೆಲಸ. ಯಾರೋ ಪಾಸ್‌ವರ್ಡ್ ಮರೆತು ಖಾತೆಗೆ ಬೀಗ ಬೀಳಿಸಿಕೊಂಡಿರುತ್ತಾರೆ. ಒಂದು ವರದಿ ಮುದ್ರಣದ ಸರದಿಯಲ್ಲಿ ಸಿಕ್ಕಿಕೊಂಡು ಹಿಂದಿನವನ್ನೆಲ್ಲ ತಡೆದಿರುತ್ತದೆ. ಡಿಸ್ಕ್ ತುಂಬಿರುತ್ತದೆ. ಒಂದೊಂದೂ ಹತ್ತು ಸೆಕೆಂಡಿನ ಕೆಲಸ. ಆದರೆ ಆ ಹತ್ತು ಸೆಕೆಂಡಿಗೆ ಮೇಡಮ್ಮೇ ಬೇಕು. ದಿನಕ್ಕೆ ಮೂವತ್ತು ಫೋನ್ ಬರುತ್ತಿದ್ದವು. ‘ಒಂದು ನಿಮಿಷ ಉಸಿರಾಡೋಕೂ ಬಿಡಲ್ಲ ಇವರು’ ಎಂದು ಗೊಣಗುತ್ತಿದ್ದರು. ಮೂವತ್ತರ ಬದಲು ಹತ್ತೇ ಫೋನ್ ಬಂದ ದಿನ ಮಾತ್ರ ಮುಖ ಸಪ್ಪಗಿರುತ್ತಿತ್ತು.

ಅವರಿಗೆ ಸಹಾಯಕನಾಗಿ ಬಂದವನು ಸಮಾಧಾನಪ್ಪ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ವರದಿ ತಡವಾಯಿತೆಂದು ಯಾರೇ ಕೂಗಾಡಿಕೊಂಡು ಬರಲಿ, ಆತ ‘ಸಮಾಧಾನ ಮಾಡ್ಕೊಳಿ, ಕೂತ್ಕೊಳಿ, ನೀರು ಕುಡೀತೀರಾ?’ ಎಂದು ಶುರುಮಾಡುತ್ತಿದ್ದ. ಬಂದವರ ಕೋಪ ಅರ್ಧ ಅಲ್ಲೇ ಇಳಿಯುತ್ತಿತ್ತು. ಮೇಡಂಗಿಂತ ನಾಲ್ಕು ವರ್ಷ ಚಿಕ್ಕವನು, ಹೆಂಡತಿ ತೀರಿಕೊಂಡಿದ್ದಳು, ಒಬ್ಬಳೇ ಮಗಳು. ಕೆಲಸ ಕಲಿಯುವ ಹುಚ್ಚು. ಮೇಡಂ ಕುಟ್ಟುವ ಪ್ರತಿ ಆಜ್ಞೆಯನ್ನೂ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಆರು ವರ್ಷ ಇಬ್ಬರೂ ಆ ಎರಡು ಬಾಗಿಲ ಹಿಂದೆ ಚೆನ್ನಾಗಿಯೇ ಇದ್ದರು.

ಆಮೇಲೆ ಆತನ ಬಲಗೈ ನಡುಗಲು ಶುರುವಾಯಿತು.

ಮೊದಮೊದಲು ಟೀ ಲೋಟ ಹಿಡಿದಾಗ ಮಾತ್ರ. ಬರಬರುತ್ತಾ ಕೀಬೋರ್ಡಿನ ಮೇಲೂ. ಒಂದು ಅಕ್ಷರ ಒತ್ತಿದರೆ ಎರಡು ಬೀಳುತ್ತಿತ್ತು. ಅಳಿಸಿ ಮತ್ತೆ ಒತ್ತುತ್ತಿದ್ದ, ಮತ್ತೆ ಎರಡು. ವೈದ್ಯರು ನರದ ಕಾಯಿಲೆ ಎಂದು ಮಾತ್ರೆ ಬರೆದರು. ಹೀಗಿರುವಾಗ ಒಂದು ಸೋಮವಾರ, ಮೇಡಂ ಮೀಟಿಂಗಿಗೆ ಹೋಗಿದ್ದಾಗ, ಸಿಕ್ಕಿಕೊಂಡಿದ್ದ ಒಂದೇ ವರದಿಯನ್ನು ಸರದಿಯಿಂದ ತೆಗೆಯಲು ಹೋಗಿ ಕೈ ಹಾರಿತು. ಬೆಳಗಿನ ನೂರನಲವತ್ತು ವರದಿಗಳೂ ಸರದಿಯಿಂದ ಅಳಿಸಿಹೋದವು. ಕಪ್ಪು ಪರದೆ ‘ನಿಜವಾಗಿಯೂ ಅಳಿಸಲೇ?’ ಎಂದು ಯಾರನ್ನೂ ಕೇಳುವುದಿಲ್ಲ. ಹೇಳಿದ್ದನ್ನು ಮಾಡಿ ಸುಮ್ಮನಾಗುತ್ತದೆ. ಪರೀಕ್ಷೆಯ ಫಲಿತಾಂಶಗಳೇನೂ ಹೋಗಿರಲಿಲ್ಲ, ಎಲ್ಲವನ್ನೂ ಮತ್ತೆ ಮುದ್ರಿಸಬಹುದಿತ್ತು, ಮುದ್ರಿಸಿದರು. ಆದರೆ ಮಧ್ಯಾಹ್ನದವರೆಗೆ ಕೌಂಟರಿನ ಮುಂದೆ ಜನ ಜಾತ್ರೆಯಾಗಿತ್ತು. ಮರುದಿನದಿಂದ ಮೇಡಂ ಆತನಿಗೆ ಕೀಬೋರ್ಡ್ ಕೊಡಲಿಲ್ಲ. ‘ನೀವು ಫೋನ್ ನೋಡ್ಕೊಳಿ, ಸಾಕು’ ಅಂದರು.

ಎರಡು ವಾರ ಬಿಟ್ಟು ಸಮಾಧಾನಪ್ಪ ಒಂದು ಮಾತು ತೆಗೆದ.

“ಮೇಡಂ, ಬ್ರೌಸರ್‌ನಲ್ಲೇ ಸರ್ವರ್ ನೋಡ್ಕೊಳ್ಳೋ ಸಾಧನ ಒಂದಿದೆ. ಟೈಪ್ ಮಾಡೋದೇ ಬೇಡ, ಮೌಸ್ ಒತ್ತಿದ್ರೆ ಆಯ್ತು. ಮೌಸ್ ಆದ್ರೆ ಮಣಿಕಟ್ಟು ಮೇಜಿಗೆ ಊರ್ಕೋಬಹುದು, ಕೈ ನಿಲ್ಲುತ್ತೆ. ಅಳಿಸೋಕೆ ಮುಂಚೆ ಅದು ಕೇಳುತ್ತೆ ಕೂಡ.”

“ಆ ಆಟಿಕೆ ನನ್ನ ಸರ್ವರ್ ಮೇಲೆ ಬೇಡ. ಅದು ಓಡಬೇಕಂದ್ರೆ ಇನ್ನೊಂದು ಪೋರ್ಟ್ ತೆರೀಬೇಕು. ಮನೆಗೆ ಇನ್ನೊಂದು ಬಾಗಿಲು ಇಟ್ಟಹಾಗೆ. ಕಳ್ಳರನ್ನ ನಾವೇ ಕರೆಯೋದಾ?”

ಮಾತು ಸುಳ್ಳಲ್ಲ. ಅಂಥ ಬಾಗಿಲು ಸರಿಯಾಗಿ ಕಾಯದಿದ್ದರೆ ಅಪಾಯವೇ. ಆದರೆ ಬಾಗಿಲು ಕಾಯುವುದು ಹೇಗೆಂದು ಆ ಊರಿನಲ್ಲೇ ಚೆನ್ನಾಗಿ ಗೊತ್ತಿದ್ದದ್ದು ಮೇಡಂಗೆ. ಅವರಿಗೆ ಬೇಡವಾಗಿದ್ದು ಬೇರೆ ಕಾರಣಕ್ಕೆ: ಗುಂಡಿ ಒತ್ತಿ ಯಾರು ಬೇಕಾದರೂ ಮಾಡಬಹುದಾದ ಕೆಲಸಕ್ಕೆ ಮೂವತ್ತು ಫೋನ್ ಯಾಕೆ ಬರುತ್ತವೆ? ಇದನ್ನು ಅವರು ಅಂದು ತಮಗೆ ತಾವೇ ಹೇಳಿಕೊಳ್ಳಲಿಲ್ಲ. ಹೇಳಿಕೊಳ್ಳಲು ನಾಲ್ಕು ವರ್ಷ ಬೇಕಾಯಿತು.

ಅದೇ ಸಮಯಕ್ಕೆ ಮಗಳ ಹೆರಿಗೆ ಬಂತು. ಮೇಡಂ ಹದಿನೈದು ದಿನ ರಜೆ ಹಾಕಲೇಬೇಕಾಯಿತು. ಸರ್ವರಿನ ಮುಖ್ಯ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು, ಲಕೋಟೆಗೆ ಹಾಕಿ, ಅಂಟಿಸಿ, ಅಂಟಿನ ಮೇಲೆ ಸಹಿ ಮಾಡಿ ಸಮಾಧಾನಪ್ಪನ ಕೈಗಿತ್ತರು. “ಪ್ರಾಣ ಹೋಗೋ ಹಾಗಿದ್ರೆ ಮಾತ್ರ ತೆಗೀರಿ” ಅಂದರು. ಮೊಮ್ಮಗನನ್ನು ಎತ್ತಿಕೊಂಡಾಗಲೂ ಅವರ ಒಂದು ಕಣ್ಣು ಫೋನಿನ ಮೇಲೇ ಇತ್ತು. ಹದಿನೈದು ದಿನದಲ್ಲಿ ಒಂದು ಕರೆಯೂ ಬರಲಿಲ್ಲ. ಅದೇ ಅವರಿಗೆ ಚುಚ್ಚಿತು.

ವಾಪಸ್ಸು ಬಂದ ದಿನ ಲಕೋಟೆ ಒಡೆದಿರುವುದು ಕಂಡಿತು.

“ಯಾರ ಪ್ರಾಣ ಹೋಗ್ತಿತ್ತು?” ಎಂದು ಕೇಳಿದರು. ಎರಡು ಬಾಗಿಲು ದಾಟಿ ಹೊರಗಿನವರಿಗೂ ಕೇಳಿಸುವ ದನಿ.

“ಎರಡನೇ ದಿನವೇ ಡಿಸ್ಕ್ ತುಂಬಿಬಿಟ್ಟಿತ್ತು ಮೇಡಂ. ಮಗು ಹೊತ್ತಲ್ಲಿ ನಿಮಗ್ಯಾಕೆ ತೊಂದ್ರೆ ಅಂತ ನಾನೇ ಸರಿಮಾಡ್ದೆ. ಆಮೇಲೆ… ಒಂದು ಕೆಲಸ ಮಾಡಿಟ್ಟಿದ್ದೀನಿ. ಐದು ನಿಮಿಷ. ಒಂದೇ ಸಲ ನೋಡಿ. ನೀವು ಬೇಡ ಅಂದ್ರೆ ಬೇಡ.”

ಮೇಡಂ ನೋಡಲಿಲ್ಲ. ಆತ ಅಲ್ಲೇ ನಿಂತಿದ್ದಂತೆಯೇ ಕಪ್ಪು ಪರದೆ ತೆರೆದು, ಪಾಸ್‌ವರ್ಡ್ ಬದಲಾಯಿಸಿದರು. ಕಳ್ಳನ ಎದುರು ಬೀಗ ಬದಲಾಯಿಸಿದ ಹಾಗಿತ್ತು. ಆತ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ನಿಂತಿದ್ದ, ಫೋನ್ ಬಡಿದುಕೊಂಡಿತು, ಹೋಗಿ ಎತ್ತಿಕೊಂಡ.

ತಿಂಗಳೊಳಗೆ ತಾನಾಗಿಯೇ ಅರ್ಜಿ ಕೊಟ್ಟು ಸ್ಟೋರಿಗೆ ವರ್ಗ ಮಾಡಿಸಿಕೊಂಡ. ಅಲ್ಲಿ ಸೂಜಿ, ಹತ್ತಿ, ಖಾಲಿ ಸೀಸೆಗಳ ಡಬ್ಬ ಎಣಿಸಿ ಕೊಡುವ ಕೆಲಸ. ವರ್ಷ ಕಳೆಯುವುದರೊಳಗೆ ಅದೂ ಬೇಡವೆಂದು ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡ. ಬೀಳ್ಕೊಡುವ ದಿನ ಎಲ್ಲರೂ ಸ್ಟೋರಿನ ಮುಂದೆ ಸೇರಿದ್ದರು. ಮೇಡಂ ಸರ್ವರಿಗೆ ಹೊಸ ಡಿಸ್ಕ್ ಹಾಕುತ್ತಿದ್ದೇನೆ, ಬಿಟ್ಟು ಬರುವಂತಿಲ್ಲ ಎಂದು ಹೇಳಿಕಳಿಸಿದರು. ಆ ಡಿಸ್ಕನ್ನು ಮರುದಿನ ಹಾಕಿದರೂ ಆಗುತ್ತಿತ್ತು.

ಈಗ ಮೇಡಂ ಸರದಿ. ನಿವೃತ್ತಿಗೆ ಹನ್ನೆರಡು ದಿನ ಉಳಿದಿರುವಾಗ ವಿಭಾಗದ ದೊಡ್ಡ ಡಾಕ್ಟರು ಕರೆಸಿದರು.

“ನಿಮ್ಮ ಜಾಗಕ್ಕೆ ಬೇರೆಯವರನ್ನ ಕೊಡಲ್ಲವಂತೆ. ಲ್ಯಾಬ್‌ನ ಹೆಣ್ಣುಮಕ್ಕಳಿಬ್ಬರೇ ನೋಡ್ಕೋಬೇಕು. ನಿಮ್ಮ ಆ ಮಂತ್ರ ಎಲ್ಲ ಅವರ ಕೈಲಾಗಲ್ಲ. ಬ್ರೌಸರ್‌ನಲ್ಲಿ ಗುಂಡಿ ಒತ್ತಿ ಸರ್ವರ್ ನಡೆಸೋ ಸಾಧನ ಇದೆಯಂತಲ್ಲ, ಅದನ್ನ ಹಾಕಿಕೊಟ್ಟು ಹೋಗಿ.”

ನಾಲ್ಕು ವರ್ಷದ ಹಿಂದಾಗಿದ್ದರೆ ಬಾಗಿಲು, ಕಳ್ಳರು ಎಲ್ಲ ಬಾಯಿಗೆ ಬರುತ್ತಿತ್ತು. ಈಗ “ಆಗಲಿ ಸರ್” ಅಂದರು.

ಮಂಗಳವಾರ ಬೆಳಗ್ಗೆ ಹತ್ತು ಗಂಟೆಗೆ ಶುರುಮಾಡಿದರು. ಮೊದಲು ಎಲ್ಲದರ ನಕಲು ತೆಗೆದಿಟ್ಟರು. ಆಮೇಲೆ ಆ ಸಾಧನವನ್ನು ತಂದು ಸೇರಿಸು ಎಂಬ ಆಜ್ಞೆ ಕುಟ್ಟಿ ಎಂಟರ್ ಒತ್ತಿದರು. ಇನ್ನು ಸಾಲು ಸಾಲು ಅಕ್ಷರ ಹರಿಯಬೇಕು, ಎರಡು ಮೂರು ನಿಮಿಷವಾದರೂ ಬೇಕು ಎಂದುಕೊಂಡು ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು. ಮತ್ತೆ ಹಾಕಿಕೊಂಡು ನೋಡಿದರೆ ಪರದೆ ಆಗಲೇ ಸುಮ್ಮನಾಗಿತ್ತು. ಈ ಸಾಧನ ಈಗಾಗಲೇ ಇದೆ, ಹೊಸದಾಗಿ ಸೇರಿಸಿದ್ದು ಸೊನ್ನೆ ಎಂದು ಬರೆದಿತ್ತು.

ಯಾರೋ ನುಗ್ಗಿದ್ದಾರೆ! ಇಷ್ಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದ ಮನೆಗೆ, ಹೊರಡುವ ಹೊತ್ತಿನಲ್ಲಿ! ಬೆರಳು ಓಡಿದವು. ಸಾಧನ ಇದೆ, ಆದರೆ ಓಡುತ್ತಿಲ್ಲ. ಯಾರೋ ಆರಿಸಿಟ್ಟಿದ್ದಾರೆ. ಬಾಗಿಲು ಮುಚ್ಚಿದೆ. ಅದು ಹೇಗೆ ಓಡಬೇಕೆಂದು ಬರೆದಿಡುವ ಕಡತ ಯಾವಾಗಿನದು ಎಂದು ನೋಡಿದರು. ನಾಲ್ಕು ವರ್ಷದ ಹಿಂದಿನ ದಿನಾಂಕ. ಮೊಮ್ಮಗ ಹುಟ್ಟಿ ಆರನೇ ದಿನ.

ಇಲ್ಲಿ ಒಂದು ವಿಷಯ ಹೇಳಬೇಕು. ಸರ್ವರಿನ ತಂತ್ರಾಂಶಗಳನ್ನೆಲ್ಲ ಮೇಡಂ ತಿಂಗಳಿಗೊಮ್ಮೆ ತಪ್ಪದೆ ಹೊಸದಕ್ಕೆ ಏರಿಸುತ್ತಿದ್ದರು. ಪ್ರತಿ ಸಲ ಇನ್ನೂರು ಮುನ್ನೂರು ಹೆಸರುಗಳು ಪರದೆಯ ಮೇಲೆ ಹರಿದುಹೋಗುತ್ತವೆ. ಆ ಹೆಸರುಗಳ ನಡುವೆ ಇದೂ ಎಷ್ಟೋ ಸಲ ಅವರ ಕಣ್ಣ ಮುಂದೆಯೇ ಹಾದುಹೋಗಿತ್ತು. ಕಾಣಲಿಲ್ಲ. ಕಾಣಬೇಕೆಂದು ನೋಡಿರಲೂ ಇಲ್ಲ.

ಕಡತ ತೆರೆದರು. ಅಂಥ ಕಡತಗಳಲ್ಲಿ ಯಂತ್ರ ಓದದೆ ದಾಟಿಹೋಗುವ, ಮನುಷ್ಯರಿಗಾಗಿಯೇ ಬರೆಯುವ ಸಾಲುಗಳಿರುತ್ತವೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿತ್ತು. ‘ಹೊರಗಿನವರಿಗೆ ಇಲ್ಲ. ಕಟ್ಟಡದ ಒಳಗಿನ ಎರಡು ಕಂಪ್ಯೂಟರಿಗೆ ಮಾತ್ರ.’ ಸ್ವಲ್ಪ ಕೆಳಗೆ, ‘ಮೂರು ಸಲ ಪಾಸ್‌ವರ್ಡ್ ತಪ್ಪಿದರೆ ಬೀಗ.’ ಇನ್ನೂ ಕೆಳಗೆ, ‘ಮೇಡಂಗೆ ಪೂರ್ತಿ ಅಧಿಕಾರ. ನನಗೆ ಪ್ರಿಂಟರ್ ಸರದಿ, ಖಾತೆ ಬೀಗ ತೆಗೆಯುವುದು, ಅಷ್ಟೇ. ಅಳಿಸುವ ಮುಂಚೆ ಎರಡು ಸಲ ಕೇಳಬೇಕು.’ ಮೇಡಂ ಎತ್ತಬಹುದಾಗಿದ್ದ ಒಂದೊಂದು ತಕರಾರಿಗೂ ಅಲ್ಲಿ ಉತ್ತರವಿತ್ತು. ಅವರೇ ಮಾಡಿದ್ದರೂ ಅದಕ್ಕಿಂತ ಭದ್ರವಾಗಿ ಮಾಡುತ್ತಿರಲಿಲ್ಲ. ಕೊನೆಯ ಸಾಲು: ‘ಪರೀಕ್ಷೆ ಮಾಡಿ ಆರಿಸಿದೆ. ಮೇಡಂ ಒಪ್ಪಿದ ಮೇಲೆ ಶುರುಮಾಡುವುದು.’

ಅವರು ಆ ಸಾಲುಗಳನ್ನು ಮತ್ತೆ ಮತ್ತೆ ಓದಿದರು. ಎಲ್ಲೂ ಒಂದು ಅಕ್ಷರ ಎರಡು ಸಲ ಬಿದ್ದಿರಲಿಲ್ಲ. ನಡುಗುವ ಕೈಯಲ್ಲಿ ಕುಟ್ಟಿ, ಅಳಿಸಿ, ಮತ್ತೆ ಕುಟ್ಟಿ, ಒಂದೊಂದು ಸಾಲಿಗೆ ಆತ ಎಷ್ಟೆಷ್ಟು ಹೊತ್ತು ಕೂತಿದ್ದನೋ. ಮೇಡಂ ಕೀಬೋರ್ಡ್ ಪಕ್ಕಕ್ಕೆ ಸರಿಸಿ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಫೋನ್ ಎರಡು ಸಲ ಬಡಿದುಕೊಂಡು ನಿಂತಿತು.

ಸಾಧನ ಶುರುಮಾಡಲು ಒಂದೇ ಆಜ್ಞೆ ಸಾಕಾಯಿತು. ಬ್ರೌಸರಿನಲ್ಲಿ ಪುಟ ತೆರೆಯಿತು. ಎಡಗಡೆ ಪ್ರಿಂಟರ್, ಖಾತೆಗಳು, ಡಿಸ್ಕ್, ನಕಲು ಎಂದು ಸಾಲಾಗಿ ಗುಂಡಿಗಳು, ಎಲ್ಲ ದೊಡ್ಡ ದೊಡ್ಡ ಅಕ್ಷರದಲ್ಲಿ. ಒತ್ತಿದ್ದೆಲ್ಲ ಮೊದಲ ಸಲಕ್ಕೇ ಕೆಲಸ ಮಾಡಿತು. ನಾಲ್ಕು ವರ್ಷ ಇದು ಹೀಗೇ ಕಾದು ಕೂತಿತ್ತು.

ಈಗ ಅವರಿಗೆ ಬೇಕಾಗಿದ್ದು ಒಂದೇ. ಈ ಪುಟದ ಮುಂದೆ ಸಮಾಧಾನಪ್ಪನನ್ನು ಕೂರಿಸಬೇಕು, ತಾನು ಹೊರಡುವುದರೊಳಗೆ. ಆತನ ಕೆಲಸ ಆತನಿಗೆ ವಾಪಸ್ಸು ಕೊಡಬೇಕು. ನೆಟ್ಟಗೆ ದೊಡ್ಡ ಡಾಕ್ಟರ ಹತ್ತಿರ ಹೋಗಿ ನಡೆದಿದ್ದನ್ನೆಲ್ಲ ಹೇಳಿದರು, ತಮ್ಮ ತಪ್ಪನ್ನೂ ಬಿಡದೆ. ಡಾಕ್ಟರು ಕೇಳಿಸಿಕೊಂಡು, “ಬರೋದಾದ್ರೆ ನಾಳೆಯಿಂದಲೇ ಬರಲಿ. ಅರ್ಧ ದಿನ ಕೂತ್ರೂ ಸಾಕು. ಆ ಹೆಣ್ಣುಮಕ್ಕಳಿಗೂ ಆಸರೆ ಆಗುತ್ತೆ” ಅಂದರು. ಆ ವಾರ ಖುಷಿಗೆ ಮೇಡಂ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಭಾನುವಾರ ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡಿದು ಆತನ ಮನೆ ಹುಡುಕಿಕೊಂಡು ಹೋದರು. ಮೂರನೇ ಮಹಡಿ, ಲಿಫ್ಟ್ ಇಲ್ಲ. ಆರೇಳು ವರ್ಷ ಜೊತೆಗೆ ಕೆಲಸ ಮಾಡಿದವನ ಮನೆ ಎಲ್ಲಿದೆ ಎಂದು ಅವರಿವರನ್ನು ಕೇಳಬೇಕಾಯಿತಲ್ಲ ಎಂದು ಮೆಟ್ಟಿಲು ಹತ್ತುವಾಗ ಅನ್ನಿಸಿತು. ಬಾಗಿಲು ತೆರೆದವಳು ಮಗಳು, ಶಾಲೆಯಲ್ಲಿ ಟೀಚರ್. “ಬನ್ನಿ ಆಂಟಿ. ಅಪ್ಪಾ, ನಿಮ್ಮ ಮೇಡಂ ಬಂದಿದ್ದಾರೆ” ಎಂದಳು.

ಸಮಾಧಾನಪ್ಪ ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದ. ತುಂಬಾ ಇಳಿದುಹೋಗಿದ್ದ. ಎರಡೂ ಅಂಗೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕೂತಿದ್ದ. ಏಳಲು ಹೋದ, ಮಗಳು ಭುಜ ಹಿಡಿದು ಕೂರಿಸಿದಳು.

“ನಮಸ್ಕಾರ ಹೇಳೋಕೂ ಆಗಲ್ಲ ಮೇಡಂ, ಇವೆರಡೂ ಈಗ ನನ್ನ ಮಾತು ಕೇಳಲ್ಲ” ಎಂದು ನಕ್ಕ. “ನೀವು ಬೈದ್ರೆ ಕೇಳ್ತಾವೇನೋ.”

ಮೇಡಂಗೆ ನಗಲು ಆಗಲಿಲ್ಲ. ಲ್ಯಾಪ್‌ಟಾಪ್ ತೆರೆದು ಸ್ಟೂಲಿನ ಮೇಲಿಟ್ಟರು. ಪುಟ ಬಂತು. ಆತ ಮುಂದಕ್ಕೆ ಬಾಗಿ ನೋಡಿದ. ಗುರುತು ಸಿಕ್ಕಿತು.

“ಅಯ್ಯೋ, ಇದು…” ಎಂದ. ಆಮೇಲೆ ಗಾಬರಿಯಾಗಿ, “ಇದು ಕಟ್ಟಡದಾಚೆ ತೆರೀಬಾರದಲ್ಲ ಮೇಡಂ? ಇಲ್ಲಿ ಹೆಂಗೆ ಬಂತು?”

“ಇವತ್ತೊಂದು ದಿನಕ್ಕೆ ಈ ಲ್ಯಾಪ್‌ಟಾಪಿನ ವಿಳಾಸ ಒಂದನ್ನ ಸೇರಿಸಿದ್ದೀನಿ. ಈಚೆಗೆ ರಜೆ ದಿನ ಮನೆಯಿಂದ ಕೆಲಸ ಮಾಡೋಕೆ ಅಂತ ನಾನು ಮಾಡ್ಕೊಂಡಿರೋ ಗುಪ್ತ ದಾರೀಲೇ. ಬೇರೆ ಯಾರೂ ಬರೋಕಾಗಲ್ಲ. ನೀವು ಒಳಗೆ ಬನ್ನಿ, ನಿಮ್ಮ ಖಾತೆ ಹಾಗೇ ಇದೆ.”

ಮೌಸನ್ನು ಆತನ ಕಡೆ ಸರಿಸಿದರು. ಆತ ಅದನ್ನು ನೋಡುತ್ತಾ ಕೂತ. ಆಮೇಲೆ ತೊಡೆಯ ಕೆಳಗಿನಿಂದ ಬಲಗೈ ತೆಗೆದ. ಅದು ಗಾಳಿಗೆ ಸಿಕ್ಕ ಎಲೆಯಂತೆ ಹೊಯ್ದಾಡಿತು. ಮಣಿಕಟ್ಟನ್ನು ಸ್ಟೂಲಿಗೆ ಊರಿದ, ನಿಲ್ಲಲಿಲ್ಲ. ಎಡಗೈಯಿಂದ ಹಿಡಿಯಲು ಹೋದ, ಅದೂ ಹಾಗೆಯೇ. ಮೌಸ್ ಜಾರಿ ನೆಲಕ್ಕೆ ಬಿತ್ತು. ಮಗಳು ಎತ್ತಿಕೊಂಡು, ಏನೂ ಆಗದವಳ ಹಾಗೆ ಕುರ್ಚಿಯ ಪಕ್ಕ ಕೂತಳು. “ಎಲ್ಲಿ ಒತ್ಲಿ ಹೇಳಪ್ಪ” ಅಂದಳು.

ಆತ ಹೇಳುತ್ತಾ ಹೋದ, ಅವಳು ಒತ್ತುತ್ತಾ ಹೋದಳು. ಪ್ರಿಂಟರ್ ತೆಗಿ. ಸರದಿ ನೋಡು. ಒಂದನ್ನ ಅಳಿಸೋಕೆ ಒತ್ತು, ಕೇಳುತ್ತಾ? ಎರಡು ಸಲ ಕೇಳ್ತಾ? ಬೇಡ ಅನ್ನು. ಪ್ರತಿ ಸಲ ಪುಟ ಹೇಳಿದ ಹಾಗೆ ಮಾಡಿದಾಗಲೂ ಆತನ ಮುಖ ಅರಳುತ್ತಿತ್ತು. ಮೇಡಂ ಪುಟ ನೋಡಲಿಲ್ಲ, ಆ ಮುಖವನ್ನೇ ನೋಡಿದರು. ಅರ್ಧ ದಿನದ ಕೆಲಸ, ದೊಡ್ಡ ಡಾಕ್ಟರ ಒಪ್ಪಿಗೆ, ಯಾವುದನ್ನೂ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.

“ತಪ್ಪಾಯ್ತು” ಅಂದರು ಕೊನೆಗೆ. “ಅವತ್ತು ನೋಡಬೇಕಿತ್ತು ನಾನು. ನನ್ನ ಅಹಂಕಾರ. ಬಾಗಿಲು ಕಳ್ಳರು ಅಂತ ಹೇಳಿದ್ದೆಲ್ಲ ಸುಳ್ಳು.”

ಆತ ‘ಬಿಡಿ ಮೇಡಂ’ ಎನ್ನುತ್ತಾನೆ ಎಂದು ಅವರು ಕಾದರು. ಯಾರಿಗೂ ಸಮಾಧಾನ ಹೇಳದೆ ಬಿಟ್ಟವನಲ್ಲ.

“ಬೇಜಾರಾಗಿತ್ತು ಮೇಡಂ” ಅಂದ. “ಸುಳ್ಳು ಹೇಳೋದ್ಯಾಕೆ. ಐದು ನಿಮಿಷ ಕೇಳಿದ್ದೆ ಅಷ್ಟೇ. ಸ್ಟೋರಲ್ಲಿ ಡಬ್ಬ ಎತ್ತೋಕೆ ಆಗ್ತಿರಲಿಲ್ಲ, ಕೈಯಿಂದ ಬೀಳೋವು, ಎಲ್ಲರೂ ನೋಡೋರು. ಅದಕ್ಕೇ ಬಿಟ್ಟೆ. ಮೌಸ್ ಮಾತ್ರ ಹಿಡೀತಿತ್ತು ಈ ಕೈ. ಮನೇಲಿ ಇವಳ ಕಂಪ್ಯೂಟರ್‌ನಲ್ಲಿ ದಿನಾ ಹಿಡಿದು ನೋಡ್ತಿದ್ದೆ. ಹೋದ ವರ್ಷದವರೆಗೂ ಹಿಡೀತು.”

ಮಗಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಮೇಡಂ ಲೆಕ್ಕ ಹಾಕಿದರು, ಬೇಡವೆಂದರೂ ಮನಸ್ಸು ಹಾಕಿತು. ಮೂರು ವರ್ಷ. ಆ ಕತ್ತಲೆ ಕೋಣೆಯಲ್ಲಿ, ಪಕ್ಕದ ಕುರ್ಚಿಯಲ್ಲಿ, ಮಣಿಕಟ್ಟು ಮೇಜಿಗೆ ಊರಿಕೊಂಡು, ಇನ್ನೂ ಮೂರು ವರ್ಷ ಆತ ಕೆಲಸ ಮಾಡಬಹುದಿತ್ತು.

“ಚೆನ್ನಾಗಿ ಓಡ್ತಿದೆ. ಆ ಹೆಣ್ಣುಮಕ್ಕಳಿಗೆ ಏನೂ ತೊಂದ್ರೆ ಆಗಲ್ಲ” ಎಂದು ಆತ ಕೈಗಳನ್ನು ಮತ್ತೆ ತೊಡೆಯ ಕೆಳಗೆ ಸೇರಿಸಿಕೊಂಡ. “ಆಯ್ತಲ್ಲ ಮೇಡಂ, ನೋಡಿದ್ದಾಯ್ತು. ಈ ಲ್ಯಾಪ್‌ಟಾಪ್ ವಿಳಾಸದ ಆ ಸಾಲು ತೆಗೆದುಬಿಡಿ. ನನ್ನ ಖಾತೆನೂ ತೆಗೀರಿ. ಉಪಯೋಗಿಸದೇ ಇರೋರ ಖಾತೆ ಇಟ್ಕೋಬಾರದು.”

“ಇವತ್ತೇ ಯಾಕೆ? ಇರಲಿ…”

“ಇಲ್ಲ, ಈಗಲೇ ತೆಗೀರಿ. ಆಮೇಲೆ ಮರೆತುಹೋಗುತ್ತೆ.”

ಮೇಡಂ ಸ್ಟೂಲನ್ನು ತಮ್ಮ ಕಡೆ ಎಳೆದುಕೊಂಡು ಕಪ್ಪು ಪರದೆ ತೆರೆದರು. ವಿಳಾಸದ ಸಾಲು ಅಳಿಸಿದರು. ಆಮೇಲೆ ಖಾತೆ ಅಳಿಸುವ ಆಜ್ಞೆ ಬರೆದು, ಅದರ ಮುಂದೆ ಆತನ ನಿಜವಾದ ಹೆಸರು ಕುಟ್ಟಿ, ತಡೆದು ಆತನ ಕಡೆ ನೋಡಿದರು. ಆತ ಹೂಂ ಎಂದು ತಲೆಯಾಡಿಸಿದ. ಎಂಟರ್ ಒತ್ತಿದರು. ಪರದೆ ಏನನ್ನೂ ಕೇಳಲಿಲ್ಲ, ಹೊಸ ಸಾಲಿನಲ್ಲಿ ಚೌಕ ಮಿಣುಕುತ್ತಾ ನಿಂತಿತು.